ಹಿಮಕ್ಕೆ ಹಣೆಬರಹದ ನೆಪ ಸಾಕು

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಹಿಮದಲ್ಲಿ ಸತ್ತವರ ಸುದ್ದಿ ಮಾತ್ರ ಆಗಾಗ ಬರುತ್ತದೆ. ಒಮ್ಮೆ ಸಿಯಾಚಿನ್ನಿಂದ, ಒಮ್ಮೆ ಉತ್ತರಕಾಶಿಯಿಂದ, ಒಮ್ಮೆ ಬದರೀನಾಥದ ಆಚೆಯಿಂದ. ಬಂದಾಗಲೆಲ್ಲ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಿಂದ ಹಿಡಿದು ಟಿ.ವಿ. ಸ್ಟುಡಿಯೋದವರೆಗೆ ಒಂದೇ ತೀರ್ಪು: "ಏನ್ ಮಾಡಾಕ ಬರ್ತೈತ್ರಿ, ಅವರ ಹಣಿಬರಹದಾಗ ಇದ್ದದ್ದು. ನಿಸರ್ಗದ ಮುಂದ ಮನುಷ್ಯಾಂದು ಏನ್ ನಡೀತೈತಿ?" ಆಡುವವರ ಎದೆಯಲ್ಲಿ ನೋವಿರುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಸತ್ತವರ ಲೆಕ್ಕವನ್ನು ಅಲ್ಲಿಗೇ ಮುಚ್ಚಿ, ಮುಂದೆ ಅದೇ ಇಳಿಜಾರಿಗೆ ಕಾಲಿಡುವವನನ್ನು ಬರಿಗೈಯಲ್ಲಿ ಕಳಿಸುವ ಮಾತು ಇದು. ಅದಕ್ಕೇ ಇದನ್ನು ವಿರೋಧಿಸಬೇಕು.

ನಮಗೆಲ್ಲ ನೆನಪಿರುವ ಪ್ರಕರಣವನ್ನೇ ತೆಗೆದುಕೊಳ್ಳೋಣ. 2016ರ ಫೆಬ್ರುವರಿ 3ರಂದು ಸಿಯಾಚಿನ್ನಿನ ಉತ್ತರ ಭಾಗದಲ್ಲಿ, ಸುಮಾರು 19,600 ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಬೃಹತ್ ಹಿಮಗೋಡೆ ಕುಸಿಯಿತು. 19ನೇ ಮದ್ರಾಸ್ ಬೆಟಾಲಿಯನ್ನಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಮೂವರು ನಮ್ಮ ರಾಜ್ಯದವರು: ಹಾಸನ ಜಿಲ್ಲೆಯ ಒಬ್ಬರು, ಮೈಸೂರು ಜಿಲ್ಲೆಯ ಒಬ್ಬರು, ಧಾರವಾಡ ಜಿಲ್ಲೆ ಕುಂದಗೋಳ ತಾಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಆರು ದಿನ ಕಳೆದ ಮೇಲೆ, ಸುಮಾರು 25–30 ಅಡಿ ಹಿಮದ ಕೆಳಗಿಂದ ಹನುಮಂತಪ್ಪ ಜೀವಂತವಾಗಿ ಸಿಕ್ಕರು. ದೇಶ ಬೆರಗಾಯಿತು. ಗುಡಿಗಳಲ್ಲಿ ಪೂಜೆ, ದರ್ಗಾಗಳಲ್ಲಿ ಪ್ರಾರ್ಥನೆ ನಡೆದವು. ಫೆಬ್ರುವರಿ 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿ ಹಿಮದೊಳಗೇ ಪ್ರಾಣ ಬಿಟ್ಟಿದ್ದರು.

ಆ ಒಂಬತ್ತು ದಿನ ನಾವು ಏನು ಮಾತಾಡಿದೆವು? ಪವಾಡದ ಬಗ್ಗೆ ಮಾತಾಡಿದೆವು, ಛಲದ ಬಗ್ಗೆ ಮಾತಾಡಿದೆವು, ಯೋಗದ ಬಲದ ಬಗ್ಗೆಯೂ ಮಾತಾಡಿದೆವು. ಹಿಮದ ಬಗ್ಗೆ ಮಾತ್ರ ಮಾತಾಡಲಿಲ್ಲ. ಆ ಗೋಡೆಯ ಕೆಳಗೆ ಠಾಣೆ ಯಾಕಿತ್ತು, ಅದು ಬಿರುಕು ಬಿಡುತ್ತಿದೆಯೇ ಎಂದು ಯಾರು ನೋಡುತ್ತಿದ್ದರು, ಗುಡಾರಗಳನ್ನು ಪಕ್ಕಕ್ಕೆ ಸರಿಸಲು ಜಾಗ ಇತ್ತೇ ಎಂದು ಕೇಳುವುದು ಹುತಾತ್ಮನಿಗೆ ಮಾಡುವ ಅವಮಾನ ಎಂಬಂತೆ ಎಲ್ಲರೂ ಬಾಯಿ ಮುಚ್ಚಿಕೊಂಡೆವು. ಹನುಮಂತಪ್ಪ ಆರು ದಿನ ಬದುಕಿದ್ದಕ್ಕೂ ಕಾರಣವಿತ್ತು: ಕುಸಿದ ಗುಡಾರದೊಳಗೆ ಒಂದಿಷ್ಟು ಗಾಳಿ ಉಳಿದುಕೊಂಡಿತ್ತು. ಕಾರಣ ಇರುವ ಕಡೆ ಪವಾಡವನ್ನು ಕೂರಿಸಿದರೆ ಕಾರಣ ಕಣ್ಣಿಗೆ ಬೀಳುವುದಿಲ್ಲ. ಬದುಕಿದವನಿಗೆ ದೈವ, ಸತ್ತವರಿಗೆ ವಿಧಿ ಎಂದು ಹಂಚಿಬಿಟ್ಟರೆ ಹೊಣೆ ಯಾರ ಪಾಲಿಗೂ ಬರುವುದಿಲ್ಲ.

ವಿಚಿತ್ರವೆಂದರೆ, ವಿಧಿಯನ್ನು ಒಪ್ಪಿ ಕೂರುವುದು ಈ ಸೀಮೆಯ ಸ್ವಭಾವವೇ ಅಲ್ಲ. ಮಲಪ್ರಭೆಯ ಅಚ್ಚುಕಟ್ಟಿನಲ್ಲಿ ನೀರು ಬಾರದ ಹೊಲಕ್ಕೂ ಬೆಟರ್‌ಮೆಂಟ್ ಲೆವಿ ಕಟ್ಟು ಎಂದಾಗ ನರಗುಂದದ ರೈತ ಅದನ್ನು ಹಣೆಬರಹ ಎನ್ನಲಿಲ್ಲ. 1980ರ ಜುಲೈ 21ರಂದು ಗುಂಡಿಗೆ ಎದೆ ಕೊಟ್ಟ. ಇವತ್ತಿಗೂ ಪ್ರತಿ ಜುಲೈ 21ಕ್ಕೆ ವೀರಗಲ್ಲಿಗೆ ಮಾಲೆ ಬೀಳುತ್ತದೆ. ಕಳಸಾ-ಬಂಡೂರಿ ನಾಲೆಗಾಗಿ 2015ರ ಜುಲೈಯಲ್ಲಿ ಇದೇ ನರಗುಂದದಲ್ಲಿ ಹೂಡಿದ ಧರಣಿ ವರ್ಷಗಟ್ಟಲೆ ನಡೆಯಿತು. 2019ರ ಆಗಸ್ಟಿನಲ್ಲಿ ಕೊಣ್ಣೂರು, ಹೊಳೆಆಲೂರಿನ ಮನೆಗಳಿಗೆ ನೀರು ನುಗ್ಗಿದಾಗ ಜನ ಮಳೆರಾಯನನ್ನು ಬೈದು ಸುಮ್ಮನಾಗಲಿಲ್ಲ. ನವಿಲುತೀರ್ಥ ಅಣೆಕಟ್ಟಿನ ಗೇಟಿನಿಂದ ಎಷ್ಟು ಕ್ಯೂಸೆಕ್ ಬಿಟ್ಟಿರಿ, ಯಾವಾಗ ತಿಳಿಸಿದಿರಿ, ಹೊಳೆಯ ದಂಡೆಯಲ್ಲಿ ಒತ್ತುವರಿ ಯಾರದು ಎಂದು ಅಧಿಕಾರಿಗಳ ಮುಖಕ್ಕೇ ಕೇಳಿದರು. ಹರಿಯುವ ನೀರಿಗೆ ಇಷ್ಟು ಲೆಕ್ಕ ಕೇಳುವವರು, ಅದೇ ನೀರು ಹೆಪ್ಪುಗಟ್ಟಿ ನಮ್ಮ ಮಕ್ಕಳ ಮೇಲೆ ಕುಸಿದರೆ ಕೈ ಮುಗಿದು ಕೂರುವುದು ಯಾಕೆ? ಹಿಮ ನಮಗೆ ತಿಳಿಯದ ವಸ್ತು, ಅಷ್ಟೇ. ತಿಳಿಯದಿರುವುದಕ್ಕೆ ನಾವು ವಿಧಿ ಎಂದು ಹೆಸರಿಟ್ಟಿದ್ದೇವೆ.

ತಿಳಿಯಲಾಗದ್ದು ಅದರಲ್ಲಿ ಬಹಳವಿಲ್ಲ. ಹಿಮಕುಸಿತಗಳಲ್ಲಿ ಹೆಚ್ಚಿನವು ಹೊರಡುವುದು 30ರಿಂದ 45 ಡಿಗ್ರಿ ವಾಟದ ಇಳಿಜಾರಿನಲ್ಲಿ. ಅದಕ್ಕಿಂತ ಕಡಿದಾದ ಕಡೆ ಹಿಮ ನಿಲ್ಲದೆ ಆಗಾಗ ಸ್ವಲ್ಪಸ್ವಲ್ಪವೇ ಉದುರಿಹೋಗುತ್ತದೆ. ಅದಕ್ಕಿಂತ ಸಪಾಟಾದ ಕಡೆ ಸುಮ್ಮನೆ ಕೂತಿರುತ್ತದೆ. ನಡುವಿನ ವಾಟವೇ ಅಪಾಯ. ಇನ್ನು ಹಿಮ ಒಂದೇ ರಾಶಿಯಲ್ಲ. ಒಂದೊಂದು ಸಲ ಬಿದ್ದದ್ದು ಒಂದೊಂದು ಪದರ. ಚಳಿ ಹೆಚ್ಚಿ ಹಿಮ ತೆಳುವಾಗಿದ್ದ ದಿನಗಳಲ್ಲಿ ಕೆಳಗಿನ ಪದರ ಒಂದಕ್ಕೊಂದು ಅಂಟದ ಹರಳುಗಳಾಗಿ ಸಡಿಲಗೊಳ್ಳುತ್ತದೆ. ಅದರ ಮೇಲೆ ಹೊಸ ಹಿಮ ಬಿದ್ದು ಹಲಗೆಯಾಗಿ ಗಟ್ಟಿಯಾದರೆ, ಕೆಳಗೆ ಹಿಡಿತವಿಲ್ಲದ ಭಾರ ಕಾಯುತ್ತಾ ಕೂತಂತೆ. ಗಾಳಿ ಬೆಟ್ಟದ ಒಂದು ಮಗ್ಗುಲಿನ ಹಿಮವನ್ನು ಕೆರೆದು ಇನ್ನೊಂದು ಮಗ್ಗುಲಿಗೆ ಸುರಿಯುತ್ತದೆ, ಮೋಡದಿಂದ ಬೀಳುವುದಕ್ಕಿಂತ ಎಷ್ಟೋ ಪಟ್ಟು ಬೇಗ. ಒಂದು ದಿನದಲ್ಲಿ ಒಂದಡಿ ಹೊಸ ಹಿಮ, ಜೋರು ಗಾಳಿ, ಇದ್ದಕ್ಕಿದ್ದಂತೆ ಏರಿದ ಬಿಸಿಲು, ಪಕ್ಕದ ಇಳಿಜಾರಿನಲ್ಲಿ ಆಗಲೇ ಜಾರಿದ ಗುರುತು, ಕಾಲಿಟ್ಟಾಗ ಒಳಗಿಂದ ಬರುವ ಗುಮ್ಮೆನ್ನುವ ಸದ್ದು, ಹೆಜ್ಜೆಯಿಂದ ಹೊರಟು ಓಡುವ ಬಿರುಕು: ಇವಿಷ್ಟು ಕಣ್ಣಿಗೆ, ಕಿವಿಗೆ ಸಿಗುವ ಸೂಚನೆಗಳು. ಸಿನಿಮಾದಲ್ಲಿ ತೋರಿಸುವಂತೆ ಯಾರೋ ಕೂಗಿದ್ದಕ್ಕೆ ಹಿಮ ಕುಸಿಯುವುದಿಲ್ಲ. ಭಾರ ಬಿದ್ದದ್ದಕ್ಕೆ ಕುಸಿಯುತ್ತದೆ.

ಇದನ್ನು ಓದುವುದು ನಮ್ಮವರಿಗೆ ಬಾರದ ವಿದ್ಯೆಯೂ ಅಲ್ಲ. ರೋಣದ ಎರಿ ಹೊಲದಲ್ಲಿ ಮಳೆ ನಿಂತ ಮರುದಿನ ಯಾವ ರೈತನೂ ಕುಂಟಿ ಹೂಡುವುದಿಲ್ಲ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಎಷ್ಟಿದೆ ಎಂದು ಕೈಯಿಂದ ಕೆದರಿ ನೋಡಿ, ಹದ ಬಂದ ಮೇಲೆಯೇ ಎತ್ತು ಇಳಿಸುತ್ತಾನೆ. ಹಿಮವನ್ನು ಬಲ್ಲವನೂ ಸಲಿಕೆಯಿಂದ ಗುಂಡಿ ತೋಡಿ, ಪದರ ಪದರವನ್ನು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ದಾಟಬೇಕೋ ತಿರುಗಬೇಕೋ ತೀರ್ಮಾನಿಸುತ್ತಾನೆ. ಹದ ನೋಡದೆ ಹೊಲಕ್ಕಿಳಿದವನ ಎತ್ತು ಹೂತುಕೊಂಡರೆ ಊರು ಅದನ್ನು ದೈವದ ಆಟ ಎನ್ನುವುದಿಲ್ಲ.

ಮುನ್ಸೂಚನೆ ಎಂಬುದೇ ನಮ್ಮಲ್ಲಿಲ್ಲ ಎಂದು ವಾದಿಸುವವರೂ ಇದ್ದಾರೆ. ಇದೆ. 1969ರಲ್ಲಿ ಮನಾಲಿಯಲ್ಲಿ ಶುರುವಾದ ಹಿಮ ಮತ್ತು ಹಿಮಕುಸಿತ ಅಧ್ಯಯನ ಸಂಸ್ಥೆ 2020ರಲ್ಲಿ ಇನ್ನೊಂದು ಪ್ರಯೋಗಾಲಯದೊಂದಿಗೆ ಕೂಡಿ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಅಡಿಯಲ್ಲಿ ಡಿಜಿಆರ್‌ಇ ಎಂಬ ಹೆಸರಿನಿಂದ ಚಂಡೀಗಢದಲ್ಲಿ ಕೆಲಸ ಮಾಡುತ್ತಿದೆ. ಚಳಿಗಾಲದಲ್ಲಿ ಹಿಮಾಲಯದ ಜಿಲ್ಲೆಗಳಿಗೆ ಅದು ಎಚ್ಚರಿಕೆ ಹೊರಡಿಸುತ್ತದೆ. 2025ರ ಫೆಬ್ರುವರಿ 28ರ ಬೆಳಗ್ಗೆ ಬದರೀನಾಥದ ಆಚೆ ಮಾಣಾ ಗ್ರಾಮದ ಬಳಿ ಗಡಿ ರಸ್ತೆ ಸಂಸ್ಥೆಯ ಕಾರ್ಮಿಕರ ಶಿಬಿರದ ಮೇಲೆ ಹಿಮ ಕುಸಿಯಿತು. 54 ಮಂದಿ ಸಿಕ್ಕಿಕೊಂಡರು, 46 ಮಂದಿಯನ್ನು ಉಳಿಸಲಾಯಿತು, ಎಂಟು ಮಂದಿ ಸತ್ತರು. ಹಿಂದಿನ ದಿನ ಸಂಜೆಯೇ ಚಮೋಲಿ ಸೇರಿದಂತೆ ಉತ್ತರಾಖಂಡದ ಜಿಲ್ಲೆಗಳಲ್ಲಿ 2,400 ಮೀಟರಿಗಿಂತ ಮೇಲಿನ ಜಾಗಗಳಿಗೆ ಎಚ್ಚರಿಕೆ ಹೋಗಿತ್ತು. ಮಾಣಾ ಇರುವುದು ಸುಮಾರು 3,200 ಮೀಟರಿನಲ್ಲಿ. ಮುನ್ಸೂಚನೆ ಇತ್ತು; ಆದರೂ ಶಿಬಿರ ತೆರವಾಗಿರಲಿಲ್ಲ. ಇದರಲ್ಲಿ ವಿಧಿಯ ಪಾತ್ರ ಎಲ್ಲಿ ಬಂತು? ಬಹಳ ಮಂದಿ ಉಳಿದದ್ದು ಕೂಡ ಅವರು ಮಲಗಿದ್ದ ಕಬ್ಬಿಣದ ಕಂಟೇನರುಗಳ ದೆಸೆಯಿಂದ.

ಇನ್ನೂ ಅನುಮಾನವಿದ್ದರೆ ಸ್ವಿಟ್ಜರ್ಲೆಂಡಿನ ಎರಡು ಚಳಿಗಾಲಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1950–51ರ ಚಳಿಗಾಲದಲ್ಲಿ ಆ ದೇಶದಲ್ಲಿ ಹಿಮಕುಸಿತಕ್ಕೆ 98 ಮಂದಿ ಸತ್ತರು. ಅಲ್ಲಿಂದ ಮುಂದೆ ಅವರು ಊರಿನ ಮೇಲಿನ ಇಳಿಜಾರುಗಳಲ್ಲಿ ಉಕ್ಕಿನ ಬೇಲಿ ನೆಟ್ಟರು, ಕಾಡು ಬೆಳೆಸಿದರು, ಹಿಮ ಬರುವ ದಾರಿಯ ನಕ್ಷೆ ಮಾಡಿ ಅಲ್ಲಿ ಮನೆ ಕಟ್ಟುವುದನ್ನು ತಡೆದರು, ದಾವೋಸಿನ ಸಂಸ್ಥೆಯ ಮುನ್ಸೂಚನೆಯನ್ನು ಹಳ್ಳಿ ಹಳ್ಳಿಗೆ ತಲುಪಿಸಿದರು, ಅಪಾಯದ ದಿನ ರಸ್ತೆ ಮುಚ್ಚುವ ಅಧಿಕಾರವನ್ನು ಸ್ಥಳೀಯರ ಕೈಗೆ ಕೊಟ್ಟರು. 1999ರ ಫೆಬ್ರುವರಿಯಲ್ಲಿ ಮತ್ತೆ ಅಂಥದ್ದೇ ಹಿಮ ಬಿತ್ತು. ಸತ್ತವರು 17. ಅದೇ ಬೆಟ್ಟ, ಅದೇ ಆಕಾಶ. ಐವತ್ತು ವರ್ಷದಲ್ಲಿ ಸ್ವಿಸ್ ಜನರ ಹಣೆಯ ಬರಹವನ್ನು ಬ್ರಹ್ಮ ತಿದ್ದಿದನೇ, ಇಲ್ಲ ಅವರೇ ತಿದ್ದಿಕೊಂಡರೇ?

ವಿಧಿವಾದಕ್ಕೆ ಒಬ್ಬ ತಮ್ಮನಿದ್ದಾನೆ, ಅವನ ಹೆಸರು ಗಟ್ಟಿತನ. ಅಣ್ಣ ಸತ್ತವರ ಮನೆಯಲ್ಲಿ ಮಾತಾಡಿದರೆ ತಮ್ಮ ಹೊರಡುವವರ ಮುಂದೆ ಮಾತಾಡುತ್ತಾನೆ. "ಕಾಲಕಾಲೇಶ್ವರನ ಮೆಟ್ಟಲಾ ಓಡಿ ಹತ್ತತೀನಿ, ಗಜೇಂದ್ರಗಡದ ಗುಡ್ಡ ದಿನಾ ಸುತ್ತತೀನಿ, ನನಗ ಕೇದಾರಕಂಠ ಏನ್ ಮಹಾ?" ನಸುಕಿನಲ್ಲಿ ಸೇನಾ ಭರ್ತಿಗೆಂದು ಹೆದ್ದಾರಿ ಬದಿ ಓಡುವ ಹುಡುಗರೂ, ರಜೆ ಹಾಕಿ ಡೆಹ್ರಾಡೂನಿಗೆ ಟಿಕೆಟ್ ತೆಗೆಸಿದ ಇಂಜಿನಿಯರುಗಳೂ ಇದನ್ನೇ ನಂಬಿದ್ದಾರೆ. ನಮ್ಮ ಮರಳುಗಲ್ಲಿನ ಗುಡ್ಡ ಉಸಿರು ಕಲಿಸುತ್ತದೆ, ಕಾಲಿಗೆ ಬಲ ಕೊಡುತ್ತದೆ, ಬಂಡೆಯ ಹಿಡಿತ ಕಲಿಸುತ್ತದೆ. ಹಿಮದ ಪದರದ ಬಗ್ಗೆ ಒಂದಕ್ಷರ ಕಲಿಸುವುದಿಲ್ಲ. ಕಲ್ಲು ನಿನ್ನೆ ಇದ್ದಂತೆ ಇವತ್ತೂ ಇರುತ್ತದೆ. ಹಿಮ ಬೆಳಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.

ಗಟ್ಟಿತನ ಉಳಿಸುವುದಾದರೆ ಸವಿತಾ ಕಂಸ್ವಾಲ್ ಉಳಿಯಬೇಕಿತ್ತು. 2022ರ ಮೇ ತಿಂಗಳಲ್ಲಿ ಎವರೆಸ್ಟ್ ಏರಿ ಹದಿನಾರೇ ದಿನಗಳಲ್ಲಿ ಮಕಾಲು ಏರಿದ ಹೆಣ್ಣುಮಗಳು ಆಕೆ. ಅದೇ ವರ್ಷ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ತಂಡದೊಂದಿಗೆ, ಬೋಧಕಿಯಾಗಿ, 5,670 ಮೀಟರ್ ಎತ್ತರದ ದ್ರೌಪದಿ ಕಾ ಡಾಂಡಾ-2 ಶಿಖರದ ಹತ್ತಿರ ಇದ್ದರು. ಹಿಮದ ಹಲಗೆ ಜಾರಿತು. ಶೋಧ ಕಾರ್ಯಾಚರಣೆಯಲ್ಲಿ 27 ಶವಗಳು ಸಿಕ್ಕವು, ಇಬ್ಬರ ಸುಳಿವು ಆಗ ಸಿಗಲಿಲ್ಲ. ಸತ್ತವರಲ್ಲಿ ಕರ್ನಾಟಕದ ಯುವಕರೂ ಇದ್ದರು. ಅವರೆಲ್ಲ ತರಬೇತಿ ಪಡೆದವರು, ಹೆಸರಾಂತ ಸಂಸ್ಥೆಯ ಹಗ್ಗಕ್ಕೆ ಕಟ್ಟಿಕೊಂಡವರು. ಹಿಮಕ್ಕೆ ಪದಕ ಕಾಣಿಸುವುದಿಲ್ಲ, ಭಾರ ಮಾತ್ರ ತಿಳಿಯುತ್ತದೆ. ಯುರೋಪ್, ಅಮೆರಿಕಗಳ ಅಪಘಾತಗಳ ದಾಖಲೆ ಇನ್ನೂ ಕಹಿಯಾದ ಮಾತೊಂದನ್ನು ಹೇಳುತ್ತದೆ: ಸ್ಕೀಯರು, ಚಾರಣಿಗರು ಸಿಕ್ಕಿಬಿದ್ದ ಹಿಮಕುಸಿತಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟನ್ನು ಎಬ್ಬಿಸಿದ್ದು ಸಿಕ್ಕಿಬಿದ್ದವರೇ ಅಥವಾ ಅವರ ಜತೆಯವರೇ. ಎಬ್ಬಿಸಿದ್ದು ನಾವೇ ಆದರೆ, ಎಬ್ಬಿಸದೆ ಇರುವುದೂ ನಮ್ಮ ಕೈಯಲ್ಲೇ ಇದೆ. ವಿಧಿವಾದಿಗೂ ಗಟ್ಟಿಗನಿಗೂ ಈ ಒಂದು ಲೆಕ್ಕ ಸಾಕು.

ಮೂರನೆಯ ನಂಬಿಕೆ ದುಡ್ಡಿನದು: "ಕರ್ಕೊಂಡು ಹೋಗಾವ್ರು ಅದಾರಲ್ಲ, ಅವರು ನೋಡ್ಕೋತಾರ." ಜಾಹೀರಾತಿನಲ್ಲಿ ಚಾರಣದ ಹೆಸರಿನ ಪಕ್ಕ 'ಸುಲಭ', 'ಮಧ್ಯಮ' ಎಂದು ಬರೆದಿರುತ್ತದೆ. ಆ ದರ್ಜೆ ನಿಮ್ಮ ಕಾಲಿನ ದಣಿವಿನದು, ಹಿಮದ ಸ್ಥಿತಿಯದಲ್ಲ. ಡಿಸೆಂಬರಿನಲ್ಲಿ ಸುಲಭವಾಗಿದ್ದ ದಾರಿ ಜನವರಿಯ ಒಂದು ಬಿರುಗಾಳಿಯ ಮರುದಿನ ಕೊಲ್ಲುವ ದಾರಿಯಾಗಬಲ್ಲದು, ಕರಪತ್ರದಲ್ಲಿ ಮಾತ್ರ ಅದು ಸುಲಭವಾಗಿಯೇ ಉಳಿದಿರುತ್ತದೆ. ದಾರಿ ಸಪಾಟಾಗಿದೆ ಎಂಬ ಧೈರ್ಯವೂ ಸಲ್ಲದು, ಮೇಲಿನ ಇಳಿಜಾರು ಜಾರಿ ಬಂದು ನಿಲ್ಲುವುದು ಸಪಾಟಿನಲ್ಲೇ. ಇನ್ನು 'ಸೀಸನ್' ನೋಡಿ ಹೊರಟರೆ ಚಿಂತೆಯಿಲ್ಲ ಎನ್ನುವವರಿಗೆ 2024ರ ಜೂನ್ ಉತ್ತರ ಕೊಟ್ಟಿದೆ. ಹೆಚ್ಚಾಗಿ ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಉತ್ತರಕಾಶಿ ಸೀಮೆಯ ಸಹಸ್ರತಾಲದಿಂದ ಮರಳುವಾಗ ಹಿಮಗಾಳಿಗೆ ಸಿಕ್ಕಿ ಒಂಬತ್ತು ಮಂದಿ ಚಳಿಯಲ್ಲಿ ಸತ್ತರು. ಅದು ಹಿಮಕುಸಿತವಲ್ಲ, ಗಾಳಿ, ಚಳಿ, ಎತ್ತರ ಕೂಡಿ ಮಾಡಿದ್ದು. ನಮ್ಮಲ್ಲಿ ಮುಂಗಾರು ಬಿತ್ತನೆಗೆ ಹೊಲ ಹಸನು ಮಾಡುವ ತಿಂಗಳಲ್ಲಿ ಸುಮಾರು 4,400 ಮೀಟರ್ ಎತ್ತರದಲ್ಲಿ ಚಳಿಗಾಲ ಒಂದು ಮಧ್ಯಾಹ್ನಕ್ಕೆ ತಿರುಗಿ ಬರಬಲ್ಲದು. ರಾಜ್ಯದ ಸಚಿವರೇ ಡೆಹ್ರಾಡೂನಿಗೆ ಓಡಿದರು, ವಾಯುಪಡೆಯ ಹೆಲಿಕಾಪ್ಟರುಗಳು ಹಾರಿದವು, 13 ಮಂದಿ ಉಳಿದರು. ಶವಪೆಟ್ಟಿಗೆಗಳು ಬಂದಿಳಿದ ಮೇಲೆ ಮತ್ತೆ ಅದೇ ಮಾತು: ಹಣೆಬರಹ.

ಪವಾಡವನ್ನು ನಂಬಿ ಹೋಗುವವರು ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಬೇಕು. ಪೂರ್ತಿ ಹೂತವರನ್ನು ಮೊದಲ ಹದಿನೈದು ನಿಮಿಷದೊಳಗೆ ತೆಗೆದರೆ ಹತ್ತಕ್ಕೆ ಒಂಬತ್ತು ಮಂದಿ ಬದುಕುತ್ತಾರೆ ಎಂದು ಸ್ವಿಸ್ ದಾಖಲೆಗಳನ್ನು ಆಧರಿಸಿದ ಲೆಕ್ಕ ಹೇಳುತ್ತದೆ. ಮೂವತ್ತೈದು ನಿಮಿಷವಾಗುವಷ್ಟರಲ್ಲಿ ಅದು ಮೂವರಲ್ಲಿ ಒಬ್ಬರಿಗೆ ಇಳಿಯುತ್ತದೆ. ಹೆಲಿಕಾಪ್ಟರ್ ಅಷ್ಟರೊಳಗೆ ಬರುವುದಿಲ್ಲ, ಪೊಲೀಸರು ಬರುವುದಿಲ್ಲ, ಮಂತ್ರಿ ಅಂತೂ ಬರುವುದಿಲ್ಲ. ಉಳಿಸುವವರು ಪಕ್ಕದಲ್ಲಿರುವವರೇ, ಅವರ ಬಳಿ ಮೂರು ವಸ್ತು ಇರಬೇಕು. ಹೂತವನ ಜಾಗ ಹುಡುಕಿಕೊಡುವ, 457 ಕಿಲೋಹರ್ಟ್ಸ್‌ನಲ್ಲಿ ಸಂಕೇತ ಕಳಿಸಿ ಹಿಡಿಯುವ ಟ್ರಾನ್ಸೀವರ್, ಆಳ ತಿವಿದು ನೋಡುವ ಉದ್ದನೆಯ ಸಲಾಕೆ, ಒಂದು ಸಲಿಕೆ. ಜಾರಿ ನಿಂತ ಹಿಮ ಆ ಕ್ಷಣದಲ್ಲೇ ಗಟ್ಟಿಯಾಗುತ್ತದೆ, ಬರಿಗೈಯಿಂದ ತೋಡಲಾಗುವುದಿಲ್ಲ. ಹಿಮದ ಚಾರಣಕ್ಕೆ ಹೊರಡುವ ಎಷ್ಟು ತಂಡಗಳ ಚೀಲದಲ್ಲಿ ಈ ಮೂರೂ ಇವೆ, ಎಷ್ಟು ಮಂದಿಗೆ ಅವುಗಳನ್ನು ಬಳಸಿ ಅಭ್ಯಾಸವಿದೆ ಎಂದು ಕೇಳಿ ನೋಡಿ. ಸೆಲ್ಫಿ ಸ್ಟಿಕ್ ಮಾತ್ರ ಎಲ್ಲರಲ್ಲೂ ಇರುತ್ತದೆ.

ಈ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಮಾತುಗಳು ಎರಡಿವೆ. ಅವುಗಳಿಗೆ ಮುಖ ತಿರುಗಿಸುವುದು ಸರಿಯಲ್ಲ. ಮೊದಲನೆಯದು: ಸೋನಮ್‌ನಲ್ಲಿ ಕುಸಿದದ್ದು ಹಿಮಗೋಡೆ, ಅಂಥ ಗೋಡೆ ಯಾವ ಗಳಿಗೆಗೆ ಬೀಳುತ್ತದೆ ಎಂದು ಯಾವ ವಿಜ್ಞಾನಿಯೂ ಹೇಳಲಾರ. ಒಪ್ಪಿದೆ. ಆದರೆ ಯಾವಾಗ ಎಂಬುದು ತಿಳಿಯದಿದ್ದರೆ ಎಲ್ಲಿ ಎಂಬುದೂ ತಿಳಿಯದು ಎಂದೇನಲ್ಲ. ಗೋಡೆಯ ಕೆಳಗಿನ ಜಾಗ ನಕ್ಷೆಯಲ್ಲಿ ಗುರುತಾಗುತ್ತದೆ, ಅಲ್ಲಿ ಮಲಗುವ ಅವಧಿಯನ್ನು ಕಡಿಮೆ ಮಾಡಬಹುದು, ಗುಡಾರದ ಜಾಗ ಬದಲಿಸಬಹುದು. ಗಳಿಗೆ ತಿಳಿಯದು ಎಂಬುದೇ ಅಲ್ಲಿ ಹೆಚ್ಚು ಹೊತ್ತು ಇರಬಾರದು ಎಂಬುದಕ್ಕೆ ಕಾರಣ. ಎರಡನೆಯದು: ಸೈನಿಕನಿಗೆ ಆಯ್ಕೆಯಿಲ್ಲ, ಎಲ್ಲಿ ನಿಲ್ಲು ಎಂದರೆ ಅಲ್ಲಿ ನಿಲ್ಲಬೇಕು. ನಿಜ. ಅದಕ್ಕೇ ಅವನ ಪರವಾಗಿ ಕೇಳುವ ಹೊಣೆ ನಿಲ್ಲಿಸಿದವರ ಮೇಲೂ ನಮ್ಮ ಮೇಲೂ ಇನ್ನಷ್ಟು ಬೀಳುತ್ತದೆ. 1984ರ ಏಪ್ರಿಲಿನಿಂದ ಆ ಹಿಮನದಿಯ ಮೇಲೆ ಶತ್ರುವಿನ ಗುಂಡಿಗಿಂತ ಹಿಮ, ಚಳಿ, ಎತ್ತರಕ್ಕೆ ಸತ್ತವರೇ ಹೆಚ್ಚು. ಆಚೆ ಕಡೆಯವರ ಪಾಡೂ ಬೇರೆಯಲ್ಲ: 2012ರ ಏಪ್ರಿಲ್ 7ರಂದು ಗಯಾರಿಯ ಪಾಕಿಸ್ತಾನಿ ನೆಲೆಯ ಮೇಲೆ ಹಿಮ ಕುಸಿದು 140 ಮಂದಿ ಹೂತುಹೋದರು. ಗಡಿ ಕಾಯಲೇಬೇಕು ಎನ್ನುವವನೂ, ಅಲ್ಲಿಂದ ಎರಡೂ ಸೈನ್ಯ ಇಳಿಯಲಿ ಎನ್ನುವವನೂ, ಹುತಾತ್ಮ ಎಂಬ ಮಾಲೆ ಹಾಕಿ ಕಾರಣದ ಕಡತ ಮುಚ್ಚುವುದನ್ನು ಒಪ್ಪಬೇಕಾಗಿಲ್ಲ.

ಹಾಗಾದರೆ ಹಿಮವಿಲ್ಲದ ನಮ್ಮ ಸೀಮೆ ಮಾಡಬಹುದಾದ್ದೇನು? ಮಾಡಬಹುದಾದ್ದು ಬಹಳವಿದೆ. ಬಾದಾಮಿಯ ಬಂಡೆಗಳಲ್ಲಿ ಹಗ್ಗ ಹಿಡಿದು ಹತ್ತುವುದನ್ನು ಕಲಿಸುವವರು, ಹಿಮಾಲಯಕ್ಕೆ ಹೊರಟ ಹುಡುಗರಿಗೆ ಹಿಮದ ಪದರ, ವಾಟ, ಗಾಳಿಯ ಪಾಠವನ್ನೂ ಹೇಳಲಿ. ಟ್ರಾನ್ಸೀವರನ್ನು ಮರಳಿನಲ್ಲಿ ಹೂತಿಟ್ಟು ಹುಡುಕುವ ಅಭ್ಯಾಸಕ್ಕೆ ಹಿಮ ಬೇಕಿಲ್ಲ, ಮಲಪ್ರಭೆಯ ದಂಡೆ ಸಾಕು. ಕಾಲೇಜುಗಳ ಎನ್‌ಸಿಸಿ ತರಗತಿಯಲ್ಲಿ, ಭರ್ತಿಗೆ ತಯಾರಿ ಕೊಡುವ ಅಕಾಡೆಮಿಗಳಲ್ಲಿ ಓಟದ ಜತೆಗೆ ಒಂದು ದಿನ ಇದಕ್ಕೆ ಮೀಸಲಾಗಲಿ. ಹಿಮಕುಸಿತದ ದೈನಿಕ ಎಚ್ಚರಿಕೆಯನ್ನೂ ಅದರ ಐದು ಹಂತಗಳ ಅರ್ಥವನ್ನೂ ಸರಕಾರ ಕನ್ನಡದಲ್ಲಿ ತಲುಪಿಸಲಿ. ಅಪಘಾತಗಳ ಲೆಕ್ಕದಲ್ಲಿ ಹೆಚ್ಚು ಜನ ಸಾಯುವುದು ಐದನೆಯ ಹಂತದ ದಿನವಲ್ಲ, ಮೂರನೆಯ ಹಂತದ ದಿನ. ಐದರ ದಿನ ಎಲ್ಲರೂ ಒಳಗೆ ಕೂರುತ್ತಾರೆ, ಮೂರು ಎಂದರೆ 'ನಡುವಿನದು, ಪರವಾಗಿಲ್ಲ' ಎಂದುಕೊಂಡು ಹೊರಡುತ್ತಾರೆ. ಮಗನನ್ನು ಚಾರಣಕ್ಕೆ ಕಳಿಸುವ ತಂದೆ ತಾಯಿ ದುಡ್ಡು ಕಟ್ಟುವ ಮುಂಚೆ ನಾಲ್ಕು ಪ್ರಶ್ನೆ ಕೇಳಲಿ. ಇವತ್ತಿನ ಮುನ್ಸೂಚನೆ ಯಾರು ಓದುತ್ತಾರೆ? ಹಿಮದ ಗುಂಡಿ ತೋಡಿ ನೋಡುವವರು ಯಾರು? ಮೂರು ಸಲಕರಣೆ ಪ್ರತಿಯೊಬ್ಬರ ಬಳಿಯೂ ಇವೆಯೇ? ಶಿಖರಕ್ಕೆ ನೂರು ಮೀಟರ್ ಇದ್ದಾಗಲೂ ತಿರುಗಿ ಬನ್ನಿ ಎನ್ನುವ ಅಧಿಕಾರ ಯಾರಿಗಿದೆ? ಉತ್ತರ ತಡವರಿಸಿದರೆ ದುಡ್ಡು ಜೇಬಿನಲ್ಲೇ ಇರಲಿ.

ಇಷ್ಟೆಲ್ಲ ಮಾಡಿಯೂ ಕೆಲವರು ಸಾಯುತ್ತಾರೆ. ಬೆಟ್ಟದಲ್ಲಿ ಅಪಾಯ ಸೊನ್ನೆಗೆ ಇಳಿಯುವುದಿಲ್ಲ, ಸ್ವಿಟ್ಜರ್ಲೆಂಡಿನಲ್ಲೂ ಇಳಿದಿಲ್ಲ. ಆದರೆ 98ಕ್ಕೂ 17ಕ್ಕೂ ನಡುವೆ ಇರುವ 81 ಮಂದಿ ವಿಧಿಯ ಖಾತೆಗೆ ಸೇರಿದವರಲ್ಲ. ಕೆಲಸ ಮಾಡಿದವರ ಖಾತೆಗೆ ಸೇರಿದವರು. ನಮ್ಮಲ್ಲಿ ಆ ಖಾತೆಯನ್ನು ಇನ್ನೂ ತೆರೆದೇ ಇಲ್ಲ. ಮುಂದಿನ ಸಲ ಸುದ್ದಿ ಬಂದಾಗ ಹಣೆಬರಹ ಎನ್ನುವ ಮುಂಚೆ, ಕೊಣ್ಣೂರಿನವರು ಕ್ಯೂಸೆಕ್ ಕೇಳಿದಷ್ಟೇ ನಿಷ್ಠುರವಾಗಿ, ಹಿಂದಿನ ಸಂಜೆಯ ಎಚ್ಚರಿಕೆ ಏನಿತ್ತು, ಅದನ್ನು ಓದಿದವರು ಯಾರು, ಓದಿಯೂ ಸುಮ್ಮನಿದ್ದವರು ಯಾರು ಎಂದು ಕೇಳೋಣ.